ಹಳೆ ಚೈನ್ ಸಾಗೆ ದಮ್ಮು ಬರಿಸಿದ ಬಗೆ: ನನ್ನ ಅನುಭವ

ಹಳೆ ಚೈನ್ ಸಾ ಬಿಚ್ಚಿ ಕೂತವರನ್ನು ನೋಡಿದರೆ ಎಲ್ಲರೂ ಕೇಳುವುದು ಒಂದೇ: "ಇದರ ಪವರ್ ಜಾಸ್ತಿ ಮಾಡಬಹುದಾ?" ಮಾಡಬಹುದು. ಆದರೆ ವರ್ಷಗಟ್ಟಲೆ ದುಡಿದ ಮಷೀನು ಹೊಸದರಲ್ಲಿ ಕೊಡುತ್ತಿದ್ದ ಪವರನ್ನೇ ಈಗ ಕೊಡುತ್ತಿರುವುದಿಲ್ಲ. ಕಳೆದುಹೋಗಿದ್ದನ್ನು ಮೊದಲು ವಾಪಸ್ ತರಬೇಕು. ಹೊಸದಾಗಿ ಸೇರಿಸುವ ಮಾತೆಲ್ಲ ಆಮೇಲೆ. ನನ್ನ 60 ಸಿಸಿ ಮಷೀನಿಗೆ ನಾನು ಕೈ ಹಾಕಿದ್ದು ಇದೇ ಕ್ರಮದಲ್ಲಿ.

ಮೊದಲು ಬಿಚ್ಚಿದ್ದು ಸೈಲೆನ್ಸರ್. ಅದನ್ನು ದೊಡ್ಡದು ಮಾಡುವುದಕ್ಕಲ್ಲ, ಪಿಸ್ಟನ್ ನೋಡುವುದಕ್ಕೆ. ಬೋಲ್ಟ್ ತೆಗೆದರೆ ಎಕ್ಸಾಸ್ಟ್ ಪೋರ್ಟ್ ಕಾಣುತ್ತದೆ. ಟಾರ್ಚ್ ಬಿಟ್ಟು, ಸ್ಟಾರ್ಟ್ ಮಾಡುವ ಹಗ್ಗವನ್ನು ನಿಧಾನಕ್ಕೆ ಎಳೆಯುತ್ತಾ ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ನೋಡಬೇಕು. ಪಕ್ಕದಲ್ಲಿ ಲೇತ್ ಬಿಟ್ಟ ಸಣ್ಣ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದರೆ ಎಂಜಿನ್ ಗಟ್ಟಿ ಇದೆ ಅಂತ. ಉದ್ದಕ್ಕೆ ಗೀರು ಬಿದ್ದಿದ್ದರೆ ಅದು ಯಾವ ಕಡೆ ಇದೆ ನೋಡಿ. ಎಕ್ಸಾಸ್ಟ್ ಕಡೆ ಮಾತ್ರ ಇದ್ದರೆ ಸಾಮಾನ್ಯವಾಗಿ ಪೆಟ್ರೋಲ್ ಕಡಿಮೆಯಾಗಿ ಓಡಿ ಕಾದದ್ದು. ಕಾರ್ಬೊರೇಟರ್ ಕಡೆ ಇದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದ್ದು. ಸುತ್ತಲೂ ಇದ್ದರೆ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿರುವ ಸಾಧ್ಯತೆ ಜಾಸ್ತಿ. ಗೀರು ಆಳವಾಗಿ, ಪಿಸ್ಟನ್ ರಿಂಗ್ ತನ್ನ ತೋಡಿನಲ್ಲೇ ಕಚ್ಚಿಕೊಂಡಿದ್ದರೆ ಟ್ಯೂನಿಂಗ್ ಮಾತು ಬಿಡಿ, ಮೊದಲು ಪಿಸ್ಟನ್ ಬದಲಿಸಿ.

ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ನಿಲ್ಲುವ ತನಕ ಹಗ್ಗ ಎಳೆದೆ. 150 ಪಿಎಸ್‌ಐ ಹತ್ತಿರ ಬಂತು, ಚೆನ್ನಾಗಿದೆ. 110ಕ್ಕಿಂತ ಕೆಳಗಿದ್ದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ ಅಂತಲೇ ಲೆಕ್ಕ.

ಹಳೆ ಮಷೀನಿನ ದೊಡ್ಡ ಶತ್ರು ಏರ್ ಲೀಕ್. ಕಾರ್ಬೊರೇಟರ್‌ಗೂ ಸಿಲಿಂಡರ್‌ಗೂ ನಡುವೆ ಒಂದು ರಬ್ಬರ್ ಬೂಟ್ ಇರುತ್ತದೆ. ವಯಸ್ಸಾದಂತೆ ಅದರ ಮಡಿಕೆಯೊಳಗೆ ಬಿರುಕು ಬಿಡುತ್ತದೆ. ಸುಮ್ನೆ ನೋಡಿದರೆ ಕಾಣುವುದಿಲ್ಲ, ಬಗ್ಗಿಸಿ ನೋಡಬೇಕು. ಕ್ರ್ಯಾಂಕ್ ಶಾಫ್ಟಿನ ಎರಡು ತುದಿಯಲ್ಲಿ ಗಾಳಿ ತಡೆಯುವ ರಬ್ಬರ್ ಸೀಲುಗಳದೂ ಇದೇ ಕಥೆ. ಐಡಲ್ (ಆಕ್ಸಿಲರೇಟರ್ ಒತ್ತದೆ ಇದ್ದಾಗಿನ ಓಟ) ಒಂದೇ ಕಡೆ ನಿಲ್ಲದೆ ಏರಿಳಿಯುವುದು, ಆಕ್ಸಿಲರೇಟರ್ ಬಿಟ್ಟಮೇಲೂ ಆರ್‌ಪಿಎಂ ಇಳಿಯಲು ತಡ ಮಾಡುವುದು, ಇವು ಗುರುತು. ನಾನು ಎಕ್ಸಾಸ್ಟ್ ಪೋರ್ಟಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಅದರ ಮೇಲೆ ಸೈಲೆನ್ಸರ್ ಬಿಗಿದೆ. ಕಾರ್ಬೊರೇಟರ್ ಕಡೆಯನ್ನೂ ಮುಚ್ಚಿ, ಇಂಪಲ್ಸ್ ತೂತಿನಿಂದ (ಎಂಜಿನ್ನಿನ ಒತ್ತಡ ಕಾರ್ಬೊರೇಟರಿಗೆ ಹೋಗುವ ಸಣ್ಣ ತೂತು) ಕೈ ಪಂಪಿನಲ್ಲಿ 7 ಪಿಎಸ್‌ಐ ತನಕ ಗಾಳಿ ಹಾಕಿದೆ. ಮುಳ್ಳು ಇಳಿಯಿತು. ಸೋಪಿನ ನೀರು ಬಿಟ್ಟಾಗ ಮ್ಯಾಗ್ನೆಟ್ (ಫ್ಲೈವೀಲ್) ಕಡೆಯ ಸೀಲಿನಿಂದ ಸಣ್ಣ ಸಣ್ಣ ಗುಳ್ಳೆ ಬಂತು. ಸೀಲ್ ಬದಲಿಸಿದ ಮೇಲೆ ಗಾಳಿ ತುಂಬಿಯೂ ನೋಡಿದೆ, ಎಳೆದೂ ನೋಡಿದೆ. ಕೆಲವು ಸೀಲುಗಳು ಒಳಗಿನಿಂದ ಒತ್ತಿದರೆ ತಡೆಯುತ್ತವೆ, ಎಳೆದಾಗ ಸೋರುತ್ತವೆ. ಈ ಪರೀಕ್ಷೆ ಬಿಟ್ಟು ಕಾರ್ಬೊರೇಟರ್ ಸ್ಕ್ರೂ ತಿರುಗಿಸುವವರು ಬಹಳ ಜನ. ಲೀಕ್ ಇರುವ ಮಷೀನಿಗೆ ಇವತ್ತು ಕೂಡಿಸಿದ ಟ್ಯೂನಿಂಗ್ ನಾಳೆ ಇರುವುದಿಲ್ಲ.

ಇನ್ನು ಚೈನ್. "ಪವರ್ ಇಲ್ಲ" ಅಂತ ತಂದುಕೊಡುವ ಎಷ್ಟೋ ಮಷೀನುಗಳಲ್ಲಿ ಎಂಜಿನ್ ಸರಿಯಾಗಿಯೇ ಇರುತ್ತದೆ, ಹಲ್ಲು ಮೊಂಡಾಗಿರುತ್ತದೆ. ಮರದಿಂದ ಚಕ್ಕೆ ಬೀಳಬೇಕು. ಹಿಟ್ಟಿನಂಥ ಪುಡಿ ಬಿದ್ದರೆ ಚೈನ್ ಮೊಂಡು. ಇವತ್ತಿನ ಈ ಕೊಕ್ಕೆ ಆಕಾರದ ಹಲ್ಲನ್ನು ರೂಪಿಸಿದವನು ಅಮೆರಿಕದ ಜೋಸೆಫ್ ಕಾಕ್ಸ್. ಮರ ಕೊರೆಯುವ ಹುಳು ತನ್ನ ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ತಿನ್ನುವುದನ್ನು 1946ರಲ್ಲಿ ನೋಡಿ, ಅದೇ ರೀತಿಯ ಚೈನ್ ಮಾಡಿ 1947ರಲ್ಲಿ ಕಂಪನಿ ಶುರು ಮಾಡಿದ. ಅದೇ ಮುಂದೆ ಒರೆಗಾನ್ ಹೆಸರಿನ ಚೈನ್ ಆಯಿತು. ಹುಳುವಿಗೆ ಅರ ಹಾಕುವ ಕೆಲಸ ಇಲ್ಲ, ನಮಗಿದೆ. 3/8 ಇಂಚು ಪಿಚ್ಚಿನ ಚೈನಿಗೆ ನಾನು 5.5 ಮಿ.ಮೀ. ಗುಂಡು ಅರ, .325 ಚೈನಿಗೆ 4.8 ಮಿ.ಮೀ. ಅರ ಬಳಸುತ್ತೇನೆ. ಕೋನ 30 ಡಿಗ್ರಿ. ಹಲ್ಲಿನ ಮುಂದಿರುವ ಗೂನು, ಅಂದರೆ ಡೆಪ್ತ್ ಗೇಜ್, ಹಲ್ಲಿನ ತುದಿಗಿಂತ 0.65 ಮಿ.ಮೀ. ತಗ್ಗಿರಬೇಕು. ಇದನ್ನು ಕಣ್ಣಳತೆಯಲ್ಲಿ ಜಾಸ್ತಿ ಉಜ್ಜಿಬಿಟ್ಟರೆ ಹಲ್ಲು ಮರಕ್ಕೆ ಕಚ್ಚಿಕೊಳ್ಳುತ್ತದೆ, ಮಷೀನು ಕೈಯಲ್ಲಿ ಕುಣಿಯುತ್ತದೆ, ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಎಗರುವ ಅಪಾಯವೂ ಹೆಚ್ಚು.

ಪೆಟ್ರೋಲ್ ಲೆಕ್ಕ ಟ್ಯೂನಿಂಗಿಗಿಂತ ಮೊದಲೇ ಗಟ್ಟಿಯಾಗಬೇಕು. 50ಕ್ಕೆ 1 ಅಂದರೆ ಲೀಟರಿಗೆ 20 ಎಂ.ಎಲ್. ಟು-ಟಿ ಆಯಿಲ್. ನಾನು ಹಳೆ ಮಷೀನಿಗೆ ಲೀಟರಿಗೆ 25 ಎಂ.ಎಲ್. ಹಾಕುತ್ತೇನೆ, 40ಕ್ಕೆ 1 ಆಗುತ್ತದೆ. ಆಯಿಲ್ ಜಾಸ್ತಿ ಮಾಡಿದಷ್ಟೂ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ, ಮಿಶ್ರಣ ಸ್ವಲ್ಪ ಲೀನ್ ಆಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆ. ಅದಕ್ಕೇ ಅಳತೆ ಒಂದು ಅಂತ ಹಿಡಿದ ಮೇಲೆ ಬದಲಿಸಬಾರದು.

ಕಾರ್ಬೊರೇಟರ್ ಬಿಚ್ಚಿದರೆ ಡಯಾಫ್ರಂ (ಪೆಟ್ರೋಲ್ ಹರಿವನ್ನು ಹಿಡಿತದಲ್ಲಿಡುವ ತೆಳು ಪೊರೆ) ಹಳೆ ಪ್ಲಾಸ್ಟಿಕ್ ಹಾಳೆಯಂತೆ ಗಟ್ಟಿಯಾಗಿತ್ತು. ಕೈಯಲ್ಲಿ ಅಲ್ಲಾಡಿಸಿದರೆ ಸದ್ದು ಬರುತ್ತಿತ್ತು. ರಿಪೇರಿ ಕಿಟ್ ಹಾಕಿ, ಒಳಗಿನ ಸಣ್ಣ ಜಾಲರಿ ತೊಳೆದು, ಟ್ಯಾಂಕಿನ ಫಿಲ್ಟರ್, ಪೈಪ್ ಎರಡೂ ಬದಲಿಸಿದೆ. ಇದಿಷ್ಟಕ್ಕೇ ಪಿಕಪ್ ಅರ್ಧ ವಾಪಸ್ ಬಂತು.

ಈಗ ಸ್ಕ್ರೂಗಳು. ಹೆಚ್ (ಜೋರು ಓಟದ ಪೆಟ್ರೋಲಿಗೆ), ಎಲ್ (ನಿಧಾನ ಓಟದ ಪೆಟ್ರೋಲಿಗೆ) ಎರಡನ್ನೂ ಬಲಕ್ಕೆ ಮೆಲ್ಲಗೆ ಮುಟ್ಟುವ ತನಕ ಮಾತ್ರ ತಿರುಗಿಸಿ, ಅಲ್ಲಿಂದ ಒಂದು ಸುತ್ತು ಎಡಕ್ಕೆ ಬಿಚ್ಚಿದರೆ ಶುರು ಮಾಡಲು ಸಾಕು. ಬಿಗಿಯಾಗಿ ತಿರುಗಿಸಿದರೆ ಸೂಜಿ ತುದಿ ಕೆಡುತ್ತದೆ. ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ಜಾಸ್ತಿ. ಮಷೀನು ಚೆನ್ನಾಗಿ ಬಿಸಿಯಾದ ಮೇಲೆ ಮೊದಲು ಎಲ್. ಐಡಲ್ ಅತಿ ಹೆಚ್ಚು ಏರುವ ಜಾಗ ಹುಡುಕಿ, ಅಲ್ಲಿಂದ ಚೂರು ಎಡಕ್ಕೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ತಡವರಿಸದೆ ಏರಬೇಕು. ಆಮೇಲೆ ಐಡಲ್ ಸ್ಕ್ರೂ ಇಳಿಸಿ, ಚೈನ್ ತಿರುಗದ ಹಾಗೆ ನಿಲ್ಲಿಸಬೇಕು.

ಹೆಚ್ ಸ್ಕ್ರೂ ಕೂಡಿಸುವುದು ಕಿವಿಯ ಕೆಲಸ. ಮರಕ್ಕೆ ಮುಟ್ಟಿಸದೆ ಪೂರ್ತಿ ಒತ್ತಿದಾಗ ಸದ್ದು "ಗುಂಯ್" ಅಂತ ಒಂದೇ ಎಳೆಯಲ್ಲಿ ಬಂದರೆ ಮಷೀನು ಲೀನ್. ಕೇಳಲು ಚೆಂದ, ಆದರೆ ಹಾಗೇ ಬಿಟ್ಟರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಎಡಕ್ಕೆ ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ಹೋದರೆ ಒಂದು ಹಂತದಲ್ಲಿ ಆ ಸದ್ದು ಒಡೆಯುತ್ತದೆ, ಒಳಗಿಂದ "ಬರ್‌ಬರ್" ಅಂತ ಮುಗ್ಗರಿಸಿದಂತೆ ಕೇಳುತ್ತದೆ. ಪೆಟ್ರೋಲ್ ಜಾಸ್ತಿಯಾಗಿ ಕೆಲವು ಸುತ್ತಿನಲ್ಲಿ ಬೆಂಕಿ ಹಿಡಿಯುತ್ತಿಲ್ಲ ಅಂತ ಅರ್ಥ. ಈಗ ಬಾರನ್ನು ದಿಮ್ಮಿಗೆ ಇಳಿಸಿ. ಭಾರ ಬಿದ್ದ ತಕ್ಷಣ ಬರ್‌ಬರ್ ನಿಂತು ಸದ್ದು ನಯವಾಗಬೇಕು. ಎತ್ತಿದ ಕೂಡಲೇ ಮತ್ತೆ ಬರ್‌ಬರ್ ಬರಬೇಕು. ಕೊಯ್ಯುವಾಗಲೂ ಬರ್‌ಬರ್ ಇದ್ದರೆ ಅತಿಯಾಯಿತು, ಒಂದು ಎಳೆಯಷ್ಟು ಬಲಕ್ಕೆ. ಟ್ಯಾಕೋಮೀಟರ್ ಇದ್ದರೆ ಆ ಮಾಡೆಲ್ಲಿನ ಪುಸ್ತಕದಲ್ಲಿ ಕೊಟ್ಟ ಗರಿಷ್ಠ ಆರ್‌ಪಿಎಂ ದಾಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಒಂದು ಎಚ್ಚರ: ಕೆಲವು ಮಷೀನುಗಳ ಸ್ಪಾರ್ಕ್ ಕೊಡುವ ಕಾಯಿಲ್ಲಿನಲ್ಲೇ ಆರ್‌ಪಿಎಂ ತಡೆಯುವ ಏರ್ಪಾಡು ಇರುತ್ತದೆ. ಅದು ಸ್ಪಾರ್ಕ್ ಕತ್ತರಿಸಿದಾಗಲೂ ಇಂಥದ್ದೇ ಸದ್ದು ಬರುತ್ತದೆ, ರಿಚ್ (ಪೆಟ್ರೋಲ್ ಜಾಸ್ತಿ) ಇದೆ ಅಂತ ಮೋಸ ಹೋಗಬಹುದು. ಅಂಥದ್ದನ್ನು ಕೊಯ್ಯುವಾಗಿನ ಸದ್ದಿನಲ್ಲೇ ಕೂಡಿಸಬೇಕು.

ಇಲ್ಲಿಯ ತನಕ ಹೊಸದಾಗಿ ಏನೂ ಸೇರಿಸಿಲ್ಲ. ಮಷೀನು ಹುಟ್ಟಿದಾಗಿನ ಸ್ಥಿತಿಗೆ ಬಂತು, ಅಷ್ಟೇ. ಒಂದು ದಿಮ್ಮಿ ಇಟ್ಟು, ಹೊಸದಾಗಿ ಅರ ಹಾಕಿದ ಚೈನಿನಲ್ಲಿ ಕೊಯ್ದು ಟೈಮ್ ಬರೆದಿಟ್ಟುಕೊಂಡೆ. ಮುಂದೆ ಮಾಡಿದ ಪ್ರತಿ ಬದಲಾವಣೆಯನ್ನೂ ಅದೇ ದಿಮ್ಮಿಯಲ್ಲಿ, ಮತ್ತೆ ಅರ ಹಾಕಿ ನೋಡಿದೆ. ಸದ್ದು ಜೋರಾದರೆ ಪವರ್ ಬಂತು ಅಂತ ಮನಸ್ಸು ನಂಬಿಬಿಡುತ್ತದೆ, ಗಡಿಯಾರ ನಂಬುವುದಿಲ್ಲ ಅಲ್ವಾ?

ಮಾರ್ಪಾಡುಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟಿದ್ದು ಸೈಲೆನ್ಸರ್. ಸದ್ದು ತಗ್ಗಿಸಲು ಹೊಗೆ ಹೊರಹೋಗುವ ತೂತನ್ನು ಚಿಕ್ಕದಾಗಿ ಇಟ್ಟಿರುತ್ತಾರೆ, ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಎಷ್ಟು ದೊಡ್ಡದು ಮಾಡಬೇಕು ಅನ್ನುವುದಕ್ಕೆ ಕೈಯಳತೆ ಒಂದಿದೆ: ಹೊರತೂತಿನ ಒಟ್ಟು ವಿಸ್ತೀರ್ಣ ಎಕ್ಸಾಸ್ಟ್ ಪೋರ್ಟಿನ 70ರಿಂದ 80 ಶೇಕಡಾ. ನನ್ನದರಲ್ಲಿ ಪೋರ್ಟ್ ಸುಮಾರು 400 ಚದರ ಮಿ.ಮೀ. ಸೈಲೆನ್ಸರಿನ ಬಾಯಿ 12 ಮಿ.ಮೀ. ಗುಂಡು ತೂತು, ಅಂದರೆ ಬರೀ 113 ಚದರ ಮಿ.ಮೀ. ಅದರ ಪಕ್ಕ 16 ಮಿ.ಮೀ. ತೂತು ಇನ್ನೊಂದು ಕೊರೆದೆ. ಅದು 201. ಎರಡೂ ಸೇರಿ 314. ಅಲ್ಲಿಗೆ ನಿಲ್ಲಿಸಿದೆ. ಪೂರ್ತಿ ತೆರೆದಿಟ್ಟರೆ ಸದ್ದು ಸಿಗುತ್ತದೆ, ಪವರ್ ಅಲ್ಲ. ಸೈಲೆನ್ಸರನ್ನು ಮಷೀನಿನಿಂದ ಬಿಚ್ಚಿಯೇ ಕೊರೆಯಬೇಕು, ಕಬ್ಬಿಣದ ಪುಡಿ ಒಂದು ಕಣ ಪೋರ್ಟಿಗೆ ಬಿದ್ದರೂ ಬೋರ್ ಹೋಯಿತು. ಹೊಸ ತೂತು ಕೈಗೆ, ಟ್ಯಾಂಕಿಗೆ, ಪ್ಲಾಸ್ಟಿಕ್ಕಿಗೆ ಮುಖ ಮಾಡಿರಬಾರದು. ಕಿಡಿ ತಡೆಯುವ ಜಾಲರಿಯನ್ನು ಎರಡು ತೂತಿಗೂ ಹಾಕಿದೆ. ಒಣಗಿದ ಎಲೆ, ಹುಲ್ಲಿನ ನಡುವೆ ಕೆಲಸ ಮಾಡುವ ಮಷೀನಿಗೆ ಜಾಲರಿ ಬೇಡ ಅನ್ನುವವರ ಮಾತು ಕೇಳಬೇಡಿ.

ಸೈಲೆನ್ಸರ್ ತೆರೆದ ಮೇಲೆ ಹಳೆ ಹೆಚ್ ಸೆಟ್ಟಿಂಗಿನಲ್ಲಿ ಓಡಿಸಿದರೆ ಮಷೀನು ಲೀನ್ ಆಗುತ್ತದೆ. ಗಾಳಿ ಜಾಸ್ತಿ ಬರುತ್ತಿದೆ, ಪೆಟ್ರೋಲ್ ಅಷ್ಟೇ ಇದೆ. ಸ್ಟಾರ್ಟ್ ಮಾಡುವ ಮೊದಲೇ ಕಾಲು ಸುತ್ತು ಎಡಕ್ಕೆ ಬಿಚ್ಚಿಟ್ಟು, ಬರ್‌ಬರ್ ಕೇಳುತ್ತಾ ವಾಪಸ್ ಬಂದೆ. ಗಾಳಿಯ ದಾರಿಯಲ್ಲಿ ಏನು ಮುಟ್ಟಿದರೂ, ಏರ್ ಫಿಲ್ಟರ್ ಬೇರೆ ಹಾಕಿದರೂ, ಹೆಚ್ ಮತ್ತೆ ಕೂಡಿಸಲೇಬೇಕು.

ಮುಂದಿನದು ಸ್ಕ್ವಿಶ್. ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಸಿಲಿಂಡರ್ ಹೆಡ್ಡಿಗೂ ಉಳಿಯುವ ಸಂದು ಇದು. 1.5 ಮಿ.ಮೀ. ಬೆಸುಗೆ ಲೆಡ್ ತಂತಿಯನ್ನು ಪ್ಲಗ್ ತೂತಿನಿಂದ ಒಳಗೆ ತೂರಿಸಿ, ತುದಿ ಸಿಲಿಂಡರ್ ಗೋಡೆಗೆ ತಾಗುವಂತೆ ಹಿಡಿದು, ಕೈಯಿಂದ ಮ್ಯಾಗ್ನೆಟ್ ಒಂದು ಸುತ್ತು ತಿರುಗಿಸಿದೆ. ಪಿಸ್ಟನ್ ಪಿನ್ನಿನ ನೇರಕ್ಕೆ ತಂತಿ ಇಡಬೇಕು, ಇಲ್ಲದಿದ್ದರೆ ಪಿಸ್ಟನ್ ವಾಲಿ ಅಳತೆ ತಪ್ಪು ಬರುತ್ತದೆ. ಹೊರತೆಗೆದಾಗ ತುದಿ ಅಪ್ಪಚ್ಚಿಯಾಗಿತ್ತು. ಕ್ಯಾಲಿಪರಿನಲ್ಲಿ 1.05 ಮಿ.ಮೀ. ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ 0.5 ಮಿ.ಮೀ. ದಪ್ಪ. ಅದನ್ನು ತೆಗೆದು, ತೆಳ್ಳಗೆ ಸೀಲಂಟ್ ಸವರಿ ಕೂರಿಸಿದರೆ 0.55 ಉಳಿಯುತ್ತದೆ. 0.5ಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ. ಜೋರಾಗಿ ತಿರುಗುವಾಗ ಲೋಹ ಹಿಗ್ಗುತ್ತದೆ, ಪಿಸ್ಟನ್ ಹೆಡ್ಡಿಗೆ ಬಡಿಯಬಹುದು. ಸಿಲಿಂಡರ್ ಅರ್ಧ ಮಿ.ಮೀ. ಇಳಿದಾಗ ಪೋರ್ಟುಗಳ ಟೈಮಿಂಗೂ ಬದಲಾಗುತ್ತದೆ. ಎಕ್ಸಾಸ್ಟ್ ಸ್ವಲ್ಪ ತಡವಾಗಿ ತೆರೆಯುತ್ತದೆ, ಇನ್‌ಟೇಕ್ ಬೇಗ ತೆರೆದು ಜಾಸ್ತಿ ಹೊತ್ತು ತೆರೆದಿರುತ್ತದೆ. ಎಳೆತ ಹೆಚ್ಚಿತು, ಮೇಲಿನ ಆರ್‌ಪಿಎಂ ಒಂಚೂರು ಇಳಿಯಿತು. ದಪ್ಪ ಮರ ಕೊಯ್ಯುವವನಿಗೆ ಇದು ಲಾಭ. ಹಗ್ಗ ಎಳೆಯುವುದು ಮಾತ್ರ ಮೊದಲಿಗಿಂತ ಗಟ್ಟಿಯಾಯಿತು. ಸೀಲಂಟ್ ಒಣಗಿದ ಮೇಲೆ 7 ಪಿಎಸ್‌ಐ ಪರೀಕ್ಷೆ ಇನ್ನೊಮ್ಮೆ ಮಾಡಿದೆ.

ಮ್ಯಾಗ್ನೆಟ್ಟನ್ನು ಶಾಫ್ಟಿಗೆ ಕೂರಿಸುವ ಕೀ ಉಜ್ಜಿ ಸ್ಪಾರ್ಕ್ ಟೈಮಿಂಗ್ ಮುಂದಕ್ಕೆ ತರುವುದು ಇನ್ನೊಂದು ದಾರಿ. 14 ಮಿ.ಮೀ. ಶಾಫ್ಟಿನಲ್ಲಿ 0.5 ಮಿ.ಮೀ. ಸವೆಸಿದರೆ ಸುಮಾರು 4 ಡಿಗ್ರಿ. ಪಿಕಪ್ ಚುರುಕಾಗುತ್ತದೆ, ಹಾಗೇ ಹಗ್ಗ ಬೆರಳಿಗೆ ಹೊಡೆಯುವುದೂ ಶುರುವಾಗುತ್ತದೆ. ಕಂಪ್ರೆಶನ್ ಏರಿಸಿದ ಮಷೀನಿಗೆ ನಾನು ಇದನ್ನು ಮಾಡಲಿಲ್ಲ.

ಪೋರ್ಟುಗಳಿಗೆ ಗ್ರೈಂಡರ್ ಹಾಕಿ ಅಗಲ ಮಾಡುವ ಕೆಲಸವನ್ನೂ ಬಿಟ್ಟೆ. ಸ್ಪರ್ಧೆಗೆ ಮಷೀನು ತಯಾರು ಮಾಡುವವರು ಮಾಡುತ್ತಾರೆ, ಚೆನ್ನಾಗಿಯೂ ಮಾಡುತ್ತಾರೆ. ಆದರೆ ಅಗಲ ಜಾಸ್ತಿಯಾದರೆ ರಿಂಗ್ ಉಬ್ಬಿ ಪೋರ್ಟಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಒಳಗಿನ ಲೇಪ ಅಂಚಿನಲ್ಲಿ ಚಕ್ಕೆ ಎದ್ದರೆ ಸಿಲಿಂಡರ್ ಗುಜರಿಗೆ. ದಿನಾ ದುಡಿಯುವ ಮಷೀನಿಗೆ ಇಷ್ಟು ರಿಸ್ಕ್ ಯಾಕೆ? ಸಿಸಿ ಬೇಕೇ ಬೇಕು ಅಂದರೆ ಕೆಲವು ಮಾಡೆಲ್ಲುಗಳಲ್ಲಿ ಸುಲಭ ದಾರಿ ಇದೆ. ಹಸ್ಕ್ವರ್ನಾ 61, 268, 272 ಮೂರಕ್ಕೂ ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 34 ಮಿ.ಮೀ. ಬೋರಿನ ವ್ಯಾಸ ಮಾತ್ರ 48, 50, 52. ಹಾಗಾಗಿ 61.5 ಸಿಸಿ ಮಷೀನಿಗೆ ದೊಡ್ಡ ಸಿಲಿಂಡರ್ ಪಿಸ್ಟನ್ ಕೂರಿಸಿ 72 ಸಿಸಿ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಪವರ್ ಬಂದ ಮೇಲೆ ಚೈನ್ ತಿರುಗಿಸುವ ಸ್ಪ್ರಾಕೆಟ್ 7 ಹಲ್ಲಿನಿಂದ 8ಕ್ಕೆ ಬದಲಿಸಿ ನೋಡಿದೆ. ಚೈನಿನ ವೇಗ 14 ಶೇಕಡಾ ಏರುತ್ತದೆ, ಎಳೆತ 12.5 ಶೇಕಡಾ ಇಳಿಯುತ್ತದೆ. ಗಿಡ್ಡ ಬಾರ್, ಮೆತ್ತನೆ ಮರ ಇದ್ದರೆ ಬೆಣ್ಣೆ. ಗಟ್ಟಿ ಮರಕ್ಕೆ ಉದ್ದ ಬಾರ್ ಇಳಿಸಿದಾಗ ಉಸಿರು ಕಟ್ಟಿ ನಿಂತಿತು, ವಾಪಸ್ 7 ಹಾಕಿದೆ.

ಇಷ್ಟೆಲ್ಲ ಮಾಡುವ ಮೊದಲು ಚೈನ್ ಬ್ರೇಕ್ ಕೆಲಸ ಮಾಡುತ್ತಿದೆಯಾ ನೋಡಿಕೊಳ್ಳಿ. ತೀರಾ ಹಳೆ ಮಷೀನುಗಳಲ್ಲಿ ಬ್ರೇಕೇ ಇರುವುದಿಲ್ಲ, ಅಂಥದ್ದಕ್ಕೆ ಪವರ್ ಏರಿಸುವ ಕೆಲಸ ನಾನು ಒಪ್ಪಿಕೊಳ್ಳುವುದಿಲ್ಲ. ಕಿವಿಗೆ ಮಫ್, ಕಾಲಿಗೆ ಚಾಪ್ಸ್ (ಚೈನ್ ತಗುಲದಂತೆ ಕಾಪಾಡುವ ದಪ್ಪ ಹೊದಿಕೆ) ಇಲ್ಲದೆ ಟ್ಯೂನಿಂಗ್ ಪರೀಕ್ಷೆಗೂ ಇಳಿಯಬೇಡಿ.

ಮೊದಲ ಟ್ಯಾಂಕ್ ಮುಗಿದ ಮೇಲೆ ಸೈಲೆನ್ಸರ್ ಬೋಲ್ಟ್ ಸಡಿಲಾಗಿತ್ತು, ಬಿಗಿದೆ. ಪ್ಲಗ್ ಬಿಚ್ಚಿದರೆ ಕಂದು ಬಣ್ಣ. ಬೆಳ್ಳಗಿದ್ದರೆ ಹೆಚ್ ಎಡಕ್ಕೆ, ಕಪ್ಪಗೆ ಒದ್ದೆಯಾಗಿದ್ದರೆ ಬಲಕ್ಕೆ. ಚಳಿಯಲ್ಲಿ ಗಾಳಿ ದಟ್ಟ, ಮಿಶ್ರಣ ಲೀನ್ ಕಡೆ ವಾಲುತ್ತದೆ. ಸೆಖೆಯಲ್ಲಿ ಕೂಡಿಸಿದ ಮಷೀನನ್ನು ಚಳಿಗಾಲದಲ್ಲಿ ಹೊರತೆಗೆದಾಗ ದಿಮ್ಮಿಗೆ ಇಳಿಸುವ ಮುಂಚೆ ಒಮ್ಮೆ ಪೂರ್ತಿ ಒತ್ತಿ, ಬರ್‌ಬರ್ ಇನ್ನೂ ಇದೆಯಾ ಅಂತ ಕೇಳಿಕೊಳ್ಳುತ್ತೇನೆ. ಇಲ್ಲದಿದ್ದರೆ ಸ್ಕ್ರೂಡ್ರೈವರ್ ತರುತ್ತೇನೆ.