ವಿಡಿಯೊ ಜಾಲವನ್ನು ಫ್ರೇಮಿನ ಲೆಕ್ಕದಲ್ಲಿ ಅಳೆದ ಅನುಭವ

ಕ್ಯಾಮೆರಾದಿಂದ ವೀಕ್ಷಕರವರೆಗೆ ನೇರಪ್ರಸಾರದ ವಿಡಿಯೊ ಸಾಗಿಸುವ ಜಾಲಗಳನ್ನು ಅಳೆಯುವುದು ನನ್ನ ಕೆಲಸ. ವೇಗದ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ ಪರದೆಯ ಮೇಲೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ ಎಂಬ ದೂರೇ ನನ್ನ ಬಳಿಗೆ ಹೆಚ್ಚಾಗಿ ಬರುತ್ತದೆ.

ಮೊದಲು ಜಾಲದ ವೇಗ ಅಳೆಯುವ ಐಪರ್ಫ್3 ಎಂಬ ತಂತ್ರಾಂಶವನ್ನು ಯುಡಿಪಿ ವಿಧಾನದಲ್ಲಿ (ಕಳೆದ ಪ್ಯಾಕೆಟನ್ನು, ಅಂದರೆ ದತ್ತಾಂಶದ ತುಣುಕನ್ನು, ಮತ್ತೆ ಕಳುಹಿಸದ ವಿಧಾನ) ನಡೆಸಿ, ವಿಡಿಯೊದ ಬಿಟ್‌ರೇಟಿನಷ್ಟೇ ದಟ್ಟಣೆಯನ್ನು ಹರಿಸಿ ನೋಡುತ್ತೇನೆ. ಇದರಿಂದ ಸಿಗುವುದು ಸ್ಥೂಲವಾದ ಅಂದಾಜು ಮಾತ್ರ. ಐಪರ್ಫ್ ಬಹುಮಟ್ಟಿಗೆ ಸಮ ಅಂತರದಲ್ಲಿ ಪ್ಯಾಕೆಟ್ ಕಳುಹಿಸಿದರೆ, ವಿಡಿಯೊವನ್ನು ಕುಗ್ಗಿಸಿ ಕಳುಹಿಸುವ ಎನ್‌ಕೋಡರ್ ಒಂದೊಂದು ಫ್ರೇಮನ್ನು, ಅಂದರೆ ಒಂದೊಂದು ಚಿತ್ರವನ್ನು, ಒಮ್ಮೆಗೇ ಸುರಿಯುತ್ತದೆ. ಸರಾಸರಿ 4 ಎಂಬಿಪಿಎಸ್‌ನ ವಿಡಿಯೊದಲ್ಲಿಯೂ ಐ-ಫ್ರೇಮ್ (ಮುಂದಿನ ಫ್ರೇಮ್‌ಗಳಿಗೆ ಆಧಾರವಾಗುವ ಪೂರ್ಣ ಚಿತ್ರ) ಒಂದು 120 ಕಿಲೋಬೈಟ್ ಇರಬಹುದು. ಅದು 1,400 ಬೈಟಿನ ಸುಮಾರು 86 ಪ್ಯಾಕೆಟ್‌ಗಳಾಗುತ್ತದೆ. ಒಂದು ಗಿಗಾಬಿಟ್‌ನ ಪೋರ್ಟಿನಿಂದ ಇವು ಹೆಚ್ಚುಕಡಿಮೆ 1 ಮಿಲಿಸೆಕೆಂಡಿನಲ್ಲಿ ಜಾಲದ ಸಾಧನಗಳನ್ನು ಜೋಡಿಸುವ ಸ್ವಿಚ್ಚಿಗೆ ಬಂದು ಬೀಳುತ್ತವೆ. ಹೊರಹೋಗುವ ಪೋರ್ಟ್ 100 ಎಂಬಿಪಿಎಸ್‌ನದಾಗಿದ್ದರೆ ಅಷ್ಟು ಹೊತ್ತಿನಲ್ಲಿ ಒಂಬತ್ತು ಪ್ಯಾಕೆಟ್ ಹೊರಟರೆ ಹೆಚ್ಚು. ಉಳಿದವು ಬಫರಿನಲ್ಲಿ ಕಾಯಬೇಕು, ಅಲ್ಲಿ ಜಾಗ ಸಾಲದಿದ್ದರೆ ಬಿದ್ದುಹೋಗುತ್ತವೆ. ಪ್ರತಿ ನಿಮಿಷದ ಸರಾಸರಿ ತೋರಿಸುವ ನಕ್ಷೆಯಲ್ಲಿ ಮಾತ್ರ ಆ ಪೋರ್ಟ್ ಬಹುತೇಕ ಖಾಲಿಯಾಗಿಯೇ ಕಾಣುತ್ತದೆ.

ಆದ್ದರಿಂದ ನಿಜವಾದ ವಿಡಿಯೊ ಹರಿಯುತ್ತಿರುವಾಗಲೇ ಎರಡೂ ತುದಿಗಳಲ್ಲಿ ಪ್ಯಾಕೆಟ್‌ಗಳನ್ನು ಹಿಡಿದಿಟ್ಟು, ಪ್ಯಾಕೆಟ್ ಪರಿಶೀಲಿಸುವ ತಂತ್ರಾಂಶ ವೈರ್‌ಶಾರ್ಕ್‌ನಲ್ಲಿ ಆರ್‌ಟಿಪಿ (ನೇರ ಧ್ವನಿ, ವಿಡಿಯೊ ಸಾಗಿಸುವ ನಿಯಮಾವಳಿ) ಕ್ರಮಸಂಖ್ಯೆಗಳನ್ನು ಹೋಲಿಸುತ್ತೇನೆ. ಎಷ್ಟು ಪ್ಯಾಕೆಟ್ ಕಳೆದವು ಎಂಬುದಕ್ಕಿಂತ ಯಾವ ಫ್ರೇಮಿನವು ಕಳೆದವು ಎಂಬುದು ಮುಖ್ಯ. ಮೇಲಿನ ವಿಡಿಯೊದಲ್ಲಿ 2 ಸೆಕೆಂಡಿಗೆ ಸುಮಾರು 700 ಪ್ಯಾಕೆಟ್ ಸಾಗುತ್ತವೆ. ಅವುಗಳಲ್ಲಿ ಒಂದು ಕಳೆದರೆ ನಷ್ಟ ಶೇ 0.14ರಷ್ಟೇ. ಆದರೆ ಅದು ಐ-ಫ್ರೇಮಿನದಾಗಿದ್ದು, ಮುಂದಿನ ಐ-ಫ್ರೇಮ್ ಬರುವುದು 2 ಸೆಕೆಂಡಿನ ನಂತರವಾದರೆ, ಅಲ್ಲಿಯವರೆಗೂ ಚಿತ್ರ ಕೆಟ್ಟೇ ಇರಬಹುದು.

ಜಿಟರ್ (ಪ್ಯಾಕೆಟ್‌ಗಳು ತಲುಪುವ ಹೊತ್ತಿನ ಏರುಪೇರು) ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಆರ್‌ಟಿಪಿಯನ್ನು ವಿವರಿಸುವ 2003ರ ಮಾನದಂಡ ಆರ್‌ಎಫ್‌ಸಿ 3550ರಲ್ಲಿರುವ ಸೂತ್ರ ಎರಡು ಪ್ಯಾಕೆಟ್‌ಗಳ ಟೈಮ್‌ಸ್ಟ್ಯಾಂಪಿನ (ಸಮಯದ ಗುರುತಿನ) ಅಂತರವನ್ನು ಅವು ಬಂದು ತಲುಪಿದ ಅಂತರದೊಂದಿಗೆ ಹೋಲಿಸುತ್ತದೆ. ವಿಡಿಯೊದಲ್ಲಿ ಒಂದು ಫ್ರೇಮಿನ ಎಲ್ಲ ಪ್ಯಾಕೆಟ್‌ಗಳಿಗೂ ಒಂದೇ ಟೈಮ್‌ಸ್ಟ್ಯಾಂಪ್ ಇರುವುದರಿಂದ, ದೊಡ್ಡ ಫ್ರೇಮ್ ಸಾಗಲು ತೆಗೆದುಕೊಳ್ಳುವ ಸಹಜ ಸಮಯವೂ ಜಿಟರ್ ಎಂದೇ ಲೆಕ್ಕಕ್ಕೆ ಸೇರಿಬಿಡುತ್ತದೆ. ಧ್ವನಿಗೆ ಒಪ್ಪುವ ಈ ಅಂಕಿಯನ್ನು ವಿಡಿಯೊಗೂ ಹಾಗೆಯೇ ಬಳಸುವ ವರದಿಗಳನ್ನು ನಾನು ನಂಬುವುದಿಲ್ಲ. ಬದಲಿಗೆ ಮಾರ್ಕರ್ ಬಿಟ್ ಇರುವ ಪ್ಯಾಕೆಟ್, ಅಂದರೆ ಫ್ರೇಮಿನ ಕೊನೆಯದು, ಬಂದ ಹೊತ್ತನ್ನು ಗುರುತಿಸಿಕೊಳ್ಳುತ್ತೇನೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಈ ಪ್ಯಾಕೆಟ್‌ಗಳು 40 ಮಿಲಿಸೆಕೆಂಡಿಗೊಮ್ಮೆ ಬರಬೇಕು. ಅದಕ್ಕಿಂತ ಎಷ್ಟು ತಡವಾಯಿತೆಂಬ ಪಟ್ಟಿಯಲ್ಲಿ ಅತಿ ಕೆಟ್ಟ ಶೇ 1 ಫ್ರೇಮ್‌ಗಳನ್ನೇ ನೋಡಿ ಪ್ಲೇಯರಿನ ಬಫರ್ ನಿರ್ಧರಿಸುತ್ತೇನೆ.

ಒಂದೇ ದಿಕ್ಕಿನ ವಿಳಂಬ ಬೇಕಾದಾಗ ಎರಡೂ ಗಡಿಯಾರಗಳನ್ನು ಪಿಟಿಪಿ ಎಂಬ ನಿಖರ ಸಮಯ ಹೊಂದಾಣಿಕೆಯ ವಿಧಾನದಿಂದ ಹೊಂದಿಸುತ್ತೇನೆ. ಹೋಗುವ ಹಾದಿಯೂ ಬರುವ ಹಾದಿಯೂ ಒಂದೇ ರೀತಿ ಇರದ ಕಡೆ ಪಿಂಗ್ ಸಮಯವನ್ನು (ಹೋಗಿ ಬರುವ ಒಟ್ಟು ಸಮಯವನ್ನು) ಅರ್ಧ ಮಾಡಿದರೆ ಉತ್ತರ ತಪ್ಪುತ್ತದೆ.

ಫ್ರೇಮಿನ ಸುರಿತವೇ ಕಾರಣವೆಂದು ಖಚಿತವಾದ ಕಡೆಗಳಲ್ಲಿ ಬ್ಯಾಂಡ್‌ವಿಡ್ತ್ ಹೆಚ್ಚಿಸುವ ಮೊದಲು, ಪ್ಯಾಕೆಟ್‌ಗಳನ್ನು ಫ್ರೇಮಿನ ಅವಧಿಯುದ್ದಕ್ಕೂ ಹರಡಿ ಕಳುಹಿಸುವಂತೆ ಎನ್‌ಕೋಡರನ್ನು ಹೊಂದಿಸಿ, ಬಿದ್ದುಹೋದ ಪ್ಯಾಕೆಟ್ ಎಣಿಸುವ ಸ್ವಿಚ್ಚಿನ ಡ್ರಾಪ್ ಕೌಂಟರ್ ನಿಂತಿತೇ ಎಂದು ನೋಡುತ್ತೇನೆ.