ಯುಕೆಲಿರೋ ದಾವಣಗೆರೆ-ಚಿತ್ರದುರ್ಗದವ್ರು ಮುತ್ತಜ್ಜನ ಯುದ್ಧದ ದಾಖಲೆ ಹುಡುಕೋದು ಹೆಂಗೆ

"ನಮ್ ಮುತ್ತಜ್ಜ ಮೈಸೂರು ಮಹಾರಾಜರ ಕುದ್ರೆ ಪಡೇಲಿದ್ರಂತೆ, ಈಜಿಪ್ಟ್ ಕಡೆ ಯುದ್ಧಕ್ಕೆ ಹೋಗಿದ್ರಂತೆ, ಮನೇಲಿ ಒಂದು ಪದಕ ಐತೆ, ಅದು ಬಿಟ್ರೆ ಏನೂ ಗೊತ್ತಿಲ್ಲ." ಯುಕೆಗೆ ಬಂದಿರೋ ನಮ್ ಕಡೆಯವ್ರ ಬಾಯಲ್ಲಿ ಈ ಥರ ಮಾತು ಆಗಾಗ ಕೇಳ್ತೀನಿ. ಬಂದಿರೋದೇನೋ ಐಟಿ ಕೆಲಸಕ್ಕೋ ನರ್ಸಿಂಗಿಗೋ ಎಂಎಸ್ಸಿ ಓದೋಕೋ ಇರ್ಬಹುದು, ಆದ್ರೆ 1914-18ರ ಮಹಾಯುದ್ಧದ ಕಾಗದಪತ್ರದಲ್ಲಿ ದೊಡ್ಡ ಪಾಲು ಇರೋದು ಇದೇ ದೇಶದಲ್ಲಿ, ಅದನ್ನ ನೋಡೋಕೆ ಪ್ರೊಫೆಸರ್ ಆಗ್ಬೇಕಿಲ್ಲ, ಯಾರ ಶಿಫಾರಸು ಪತ್ರನೂ ಬೇಕಿಲ್ಲ, ಫೀಸೂ ಇಲ್ಲ. ಬ್ರಿಟಿಷ್ ಸಿಟಿಜನ್ ಆಗಿರ್ಬೇಕು ಅಂತನೂ ಇಲ್ಲ, ಸ್ಟೂಡೆಂಟ್ ವೀಸಾದಲ್ಲಿದ್ರೂ ನಡೀತೈತೆ. ಇಷ್ಟು ಸಲೀಸು ಇದ್ರೂ ನಮ್ಮವ್ರು ಹೋಗಲ್ಲ ಅನ್ನೋದೇ ನನಗೆ ಬೇಜಾರು.

ಮೊದ್ಲು ಒಂದು ಕೆಲಸ ಮಾಡ್ರಿ. ಲಂಡನ್ನಿಗೆ ಟಿಕೆಟ್ ಬುಕ್ ಮಾಡೋಕಿಂತ ಮುಂಚೆ ಊರಿಗೆ ಫೋನ್ ಹಾಕಿ, 1914ರಲ್ಲಿ ನಿಮ್ಮೂರು ಯಾವ ಸರ್ಕಾರದ ಕೆಳಗಿತ್ತು ಅಂತ ಖಾತ್ರಿ ಮಾಡ್ಕೊಳ್ರಿ. ನಮ್ ಭಾಗದಲ್ಲಿ ಇದು ಬಾಳ ಮುಖ್ಯ, ಯಾಕಂದ್ರೆ ನಾವು ಮೂರು ಆಡಳಿತ ಕೂಡೋ ಜಾಗದವ್ರು. ದಾವಣಗೆರೆ ಆಗ ಜಿಲ್ಲೆ ಅಲ್ಲ, ಚಿತ್ರದುರ್ಗ ಜಿಲ್ಲೆಯ ತಾಲೂಕು, ಜಿಲ್ಲೆ ಆಗಿದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಎಲ್ಲ ಮೈಸೂರು ಸಂಸ್ಥಾನ. ಹೊನ್ನಾಳಿ, ಚನ್ನಗಿರಿನೂ ಮೈಸೂರೇ, ಆದ್ರೆ ಜಿಲ್ಲೆ ಶಿವಮೊಗ್ಗ. ಹರಪನಹಳ್ಳಿ ಮಾತ್ರ ಬಳ್ಳಾರಿ ಜಿಲ್ಲೆ, ಅಂದ್ರೆ ಮದ್ರಾಸ್ ಪ್ರೆಸಿಡೆನ್ಸಿ. ಹರಿಹರದಲ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರು ಕಡೆ ಹೋದ್ರೆ ಧಾರವಾಡ ಜಿಲ್ಲೆ, ಬಾಂಬೆ ಪ್ರೆಸಿಡೆನ್ಸಿ. ತಾಯಿ ಕಡೆ ಸಂಬಂಧ ಹೊಳೆ ಆಚೆ ಇದ್ರೆ ಅದನ್ನೂ ಕೇಳ್ಕೊಳ್ರಿ.

ಇದು ಯಾಕೆ ಮುಖ್ಯ ಅಂದ್ರೆ ಮದ್ರಾಸ್, ಬಾಂಬೆ ಪ್ರೆಸಿಡೆನ್ಸಿಯವ್ರು ಸೇರಿದ್ದು ನೇರ ಬ್ರಿಟಿಷರ ಇಂಡಿಯನ್ ಆರ್ಮಿಗೆ, ಬೆಂಗಳೂರಿನ ಸ್ಯಾಪರ್ಸ್ ಅಂಡ್ ಮೈನರ್ಸ್ ಅನ್ನೋ ಸೈನ್ಯದ ಎಂಜಿನಿಯರ್ ಪಡೆಗೋ ಮರಾಠಾ ಪಲ್ಟನ್ನಿಗೋ. ಮೈಸೂರಿನವ್ರು ಮಹಾರಾಜರ ಸೈನ್ಯಕ್ಕೆ ಸೇರಿದ್ರೆ ಅದರ ಹೆಸರು ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್, ಸಂಬಳ ಸಾಕಣೆ ಎಲ್ಲ ಸಂಸ್ಥಾನದ್ದು, ಯುದ್ಧ ಬಂದಾಗ ಬ್ರಿಟಿಷರ ಕಮಾಂಡಿಗೆ ಕೊಡೋದು. ಹಂಗಾಗಿ ಸಿಪಾಯಿ ಭರ್ತಿ, ಸಂಬಳ, ಪಿಂಚಣಿ ಕಾಗದ ಇಲ್ಲಿ ಹುಡುಕೋದಲ್ಲ, ಆ ಲೆಕ್ಕಪತ್ರ ಸಂಸ್ಥಾನದ್ದು. ಇಲ್ಲಿ ಸಿಗೋದು ಪಲ್ಟನ್ನಿನ ಯುದ್ಧದ ಡೈರಿ, ಪದಕದ ದಾಖಲೆ, ಸತ್ತವ್ರ ಹೆಸರು, ಸಂಸ್ಥಾನದಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಸಾಹೇಬ್ರ ಪತ್ರವ್ಯವಹಾರ. ಈ ವ್ಯತ್ಯಾಸ ತಲೇಲಿಟ್ಕೊಂಡ್ರೆ ಅರ್ಧ ಕೆಲಸ ಆದಂಗೆ.

ಬಾಳ ಜನ ಶುರು ಮಾಡೋದೇ ವಂಶಾವಳಿ ಹುಡುಕೋ ಆನ್ಸೆಸ್ಟ್ರಿ ವೆಬ್‌ಸೈಟಲ್ಲಿ ಹೆಸರು ಟೈಪ್ ಮಾಡಿ, ಏನೂ ಬರ್ಲಿಲ್ಲ ಅಂತ ಅಲ್ಲಿಗೇ ಬಿಟ್ಬಿಡ್ತಾರೆ. ಅಲ್ಲಿರೋ ಸಿಪಾಯಿಗಳ ಸರ್ವಿಸ್ ರೆಕಾರ್ಡ್ ಬ್ರಿಟಿಷ್ ಸೈನ್ಯದ್ದು, ಅದ್ರಲ್ಲೂ ಅರ್ಧಕ್ಕಿಂತ ಜಾಸ್ತಿ 1940ರ ಬಾಂಬ್ ದಾಳೀಲಿ ಸುಟ್ಟು ಹೋಗಿದಾವೆ. ನಮ್ಮವ್ರ ಹೆಸರು ಆ ಫೈಲಲ್ಲಿ ಇರೋದಕ್ಕೆ ಕಾರಣನೇ ಇಲ್ಲ. ಇಲ್ಲಿನ ವ್ಯವಸ್ಥೇಲಿ ಭಾರತದ ಸಿಪಾಯೀನ ಹೆಸರಿಂದ ಹುಡುಕೋದಕ್ಕಿಂತ ಪಲ್ಟನ್ನಿಂದ ಹುಡುಕಿದ್ರೆ ಬೇಗ ದಾರಿ ಸಿಗ್ತೈತೆ. ಪಲ್ಟನ್ ಗೊತ್ತಿಲ್ಲ ಅಂದ್ರೆ ಮನೇಲಿರೋ ಪದಕದ ಅಂಚು ನೋಡೋಕೆ ಹೇಳ್ರಿ, ಮುಖ ಅಲ್ಲ, ಸುತ್ತಲಿನ ದಪ್ಪ ಅಂಚು. ಬ್ರಿಟಿಷ್ ವಾರ್ ಮೆಡಲ್, ವಿಕ್ಟರಿ ಮೆಡಲ್ ಎರಡರ ಅಂಚಿನ ಮೇಲೂ ನಂಬರ್, ಹುದ್ದೆ, ಹೆಸರು, ಪಲ್ಟನ್ನಿನ ಹೆಸರು ಶಾರ್ಟ್‌ಫಾರ್ಮಲ್ಲಿ ಒತ್ತಿರ್ತಾರೆ. ಲೆನ್ಸ್ ಹಿಡಿದು, ಬೆಳಕು ಓರೆಯಾಗಿ ಬೀಳೋ ಹಂಗೆ ಇಟ್ಟು ಮೊಬೈಲಲ್ಲಿ ಫೋಟೋ ತೆಗೀಲಿ. ತಿಕ್ಕಿ ತೊಳೆಯೋಕೆ ಮಾತ್ರ ಬಿಡ್ಬೇಡ್ರಿ, ಅಕ್ಷರ ಸವೆದು ಹೋಗ್ತಾವೆ. ವಾರ್ ಮೆಡಲ್ ಬೆಳ್ಳಿ ಬದಲು ಕಂಚಿನದಾಗಿದ್ರೆ ಅವ್ರು ಹೋರಾಡೋ ಸಿಪಾಯಿ ಅಲ್ಲ, ಲೇಬರ್ ಕೋರಲ್ಲೋ ಸೈನ್ಯದ ಜೊತೆ ಹೋದ ಕೆಲಸಗಾರರಲ್ಲೋ ಇದ್ರು ಅಂತ ಸುಳಿವು.

ಈಗ ಪಲ್ಟನ್ ಮೈಸೂರು ಲ್ಯಾನ್ಸರ್ಸ್, ಅಂದ್ರೆ ಮಹಾರಾಜರ ಕುದ್ರೆ ಪಡೆ ಅಂತ ಇಟ್ಕೊಳ್ಳಣ. ಆ ಪಡೆ 1914ರ ಕೊನೇಲಿ ಈಜಿಪ್ಟ್ ಸೇರ್ತು, ಸೂಯೆಜ್ ಕಾಲುವೆ ಕಾವಲು ಕಾಯ್ತು, ಆಮೇಲೆ ಪ್ಯಾಲೆಸ್ಟೈನ್. ಹೈದರಾಬಾದ್, ಜೋಧ್‌ಪುರ್ ಲ್ಯಾನ್ಸರ್ಸ್ ಜೊತೆ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಲ್ಲಿತ್ತು, 1918ರಲ್ಲಿ ಆ ಬ್ರಿಗೇಡ್ 5ನೇ ಕ್ಯಾವಲ್ರಿ ಡಿವಿಷನ್ನಿನ ಕೆಳಗೆ ಬಂತು. 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಊರನ್ನ ಹಿಡಿದಾಗ ಜೋಧ್‌ಪುರದವ್ರು ಊರಿನ ಮೇಲೆ ಕುದ್ರೆ ಓಡಿಸಿದ್ರೆ ಮೈಸೂರಿನವ್ರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿ ಕಡೆ ಹತ್ತಿದ್ರು, ಆವತ್ತು ಸೆರೆ ಸಿಕ್ಕ ಶತ್ರು ಸೈನಿಕರು ಸುಮಾರು 1,350 ಜನ. ಅಕ್ಟೋಬರ್ 26ಕ್ಕೆ ಅಲೆಪ್ಪೊ ಹತ್ರ ಹರಿತಾನಲ್ಲಿ ಇನ್ನೊಂದು ಕಾಳಗ, ನಾಲ್ಕೇ ದಿನಕ್ಕೆ ತುರ್ಕಿ ಜೊತೆ ಕದನವಿರಾಮ. ದೆಹಲಿಯ ತೀನ್ ಮೂರ್ತಿ ಅನ್ನೋ ಯುದ್ಧ ಸ್ಮಾರಕದ ಮೂರು ವಿಗ್ರಹದಲ್ಲಿ ಒಂದು ಮೈಸೂರಿನವ್ರದ್ದು. ಈ ತಾರೀಖು, ಬ್ರಿಗೇಡ್ ನಂಬರ್, ಡಿವಿಷನ್ ನಂಬರ್ ಎಲ್ಲ ಯಾಕೆ ಹೇಳ್ತಿದೀನಂದ್ರೆ ಕ್ಯಾಟಲಾಗಲ್ಲಿ ಟೈಪ್ ಮಾಡ್ಬೇಕಾಗಿರೋದು ಇವನ್ನೇ.

ಕ್ಯಾಟಲಾಗ್ ಅಂದ್ರೆ ಮೊದ್ಲು ನ್ಯಾಷನಲ್ ಆರ್ಕೈವ್ಸ್, ಲಂಡನ್ನಿನ ಕ್ಯೂ ಅನ್ನೋ ಏರಿಯಾದಲ್ಲಿ, ಡಿಸ್ಟ್ರಿಕ್ಟ್ ಲೈನ್ ಹಿಡಿದು ಕ್ಯೂ ಗಾರ್ಡನ್ಸ್ ಸ್ಟೇಷನ್ನಲ್ಲಿ ಇಳಿದು ನಡ್ಕೊಂಡು ಹೋಗ್ಬಹುದು. ಅವ್ರ ಆನ್‌ಲೈನ್ ಕ್ಯಾಟಲಾಗ್ ಹೆಸರು ಡಿಸ್ಕವರಿ. ಅದ್ರಲ್ಲಿ ಡಬ್ಲ್ಯುಓ 95 ಅನ್ನೋ ಸೀರೀಸ್ ಪೂರ್ತಿ ಯುದ್ಧದ ಡೈರಿಗಳು, ಪ್ರತಿ ಪಡೆ ದಿನಾ ಎಲ್ಲಿತ್ತು ಏನು ಮಾಡ್ತು ಅಂತ ಬರೆದಿಟ್ಟಿದ್ದು. ಲ್ಯಾನ್ಸರ್ಸ್ ಹೆಸರಲ್ಲಿ ಸಿಗ್ಲಿಲ್ಲ ಅಂದ್ರೆ ಬ್ರಿಗೇಡ್ ಹೆಸರಲ್ಲಿ, ಅದೂ ಇಲ್ಲಾಂದ್ರೆ ಡಿವಿಷನ್ ಹೆಸರಲ್ಲಿ ಹುಡುಕ್ರಿ, ಮೇಲಿನವ್ರ ಡೈರೀಲಿ ಕೆಳಗಿನವ್ರ ಸುದ್ದಿ ಇದ್ದೇ ಇರ್ತೈತೆ. ಮುತ್ತಜ್ಜ ಮರಾಠಾ ಪಲ್ಟನ್ನಲ್ಲಿ ಇರಾಕ್ ಕಡೆ ಹೋಗಿದ್ರೆ ನಿಮಗೆ ಇನ್ನೂ ಸಲೀಸು, ಮೆಸೊಪೊಟೇಮಿಯಾದ ಎಷ್ಟೋ ಡೈರಿಗಳು ಸ್ಕ್ಯಾನ್ ಆಗಿದಾವೆ, ಮನೇಲೇ ಕೂತು ಓದ್ಬಹುದು. ಡಬ್ಲ್ಯುಓ 372 ಅಂದ್ರೆ ಪದಕದ ಕಾರ್ಡುಗಳು, ಅದ್ರಲ್ಲಿ ಇಂಡಿಯನ್ ಆರ್ಮಿಯವ್ರ ಹೆಸರೂ ಐತೆ.

ಕ್ಯೂಗೆ ಹೋಗೋದಾದ್ರೆ ರೀಡರ್ಸ್ ಟಿಕೆಟ್ ಬೇಕು, ಫ್ರೀ. ಮೊದ್ಲು ಆನ್‌ಲೈನಲ್ಲಿ ಅರ್ಜಿ ಹಾಕಿ, ಹೋಗೋ ದಿನ ಪಾಸ್‌ಪೋರ್ಟೂ ಇಲ್ಲಿನ ಅಡ್ರೆಸ್ ಇರೋ ಬ್ಯಾಂಕ್ ಸ್ಟೇಟ್‌ಮೆಂಟೋ ಕೌನ್ಸಿಲ್ ಟ್ಯಾಕ್ಸ್ ಬಿಲ್ಲೋ ತಗೊಂಡ್ ಹೋಗ್ರಿ. ಶೇರಿಂಗ್ ಮನೇಲಿರೋ ಹುಡುಗ್ರಿಗೆ ಬಿಲ್ ಬೇರೆಯವ್ರ ಹೆಸರಲ್ಲಿರ್ತೈತೆ, ಅವ್ರಿಗೆ ಬ್ಯಾಂಕ್ ಸ್ಟೇಟ್‌ಮೆಂಟೇ ಗತಿ. ಭಾನುವಾರ, ಸೋಮವಾರ ಬಾಗ್ಲು ಹಾಕಿರ್ತೈತೆ, ಶನಿವಾರ ತೆಗೆದಿರ್ತೈತೆ ಅನ್ನೋದು ಕೆಲಸಕ್ಕೆ ಹೋಗೋರಿಗೆ ಅನುಕೂಲ. ಬೇಕಾಗಿರೋ ಫೈಲ್ ಮುಂಚೆನೇ ಆರ್ಡರ್ ಮಾಡಿಟ್ರೆ ಹೋಗೋಷ್ಟರಲ್ಲಿ ತೆಗೆದಿಟ್ಟಿರ್ತಾರೆ. ಒಳಗೆ ಪೆನ್ ಬಿಡಲ್ಲ, ಪೆನ್ಸಿಲ್ ಮಾತ್ರ, ಬ್ಯಾಗ್ ಲಾಕರಲ್ಲಿ. ಮೊಬೈಲಲ್ಲಿ ಫೋಟೋ ತೆಗೆಯೋಕೆ ದುಡ್ಡಿಲ್ಲ, ಹಂಗಾಗಿ ಅಲ್ಲೇ ಕೂತು ಓದೋಕೆ ಹೋಗ್ಬೇಡ್ರಿ, ಪುಟ ಪುಟ ಫೋಟೋ ತೆಗೆದು ಮನೇಲಿ ಓದ್ರಿ, ಫೈಲ್ ನಂಬರ್ ಇರೋ ಚೀಟಿದೂ ಒಂದು ಫೋಟೋ ಇರ್ಲಿ. ಗೊತ್ತಾಗ್ಲಿಲ್ಲ ಅಂದ್ರೆ ಡೆಸ್ಕಲ್ಲಿ ಕೂತಿರೋರನ್ನ ಕೇಳೋಕೆ ಸಂಕೋಚ ಪಡ್ಬೇಡ್ರಿ, ದಾರಿ ತೋರ್ಸೋಕೇ ಅವ್ರನ್ನ ಕೂರಿಸಿರೋದು.

ಡೈರಿ ಓದುವಾಗ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತೆ, ಮುಂಚೆನೇ ಹೇಳ್ಬಿಡ್ತೀನಿ. ಆಫೀಸರ್‌ಗಳ ಹೆಸರು ಇರ್ತೈತೆ, ಸವಾರರು ಸಾಮಾನ್ಯವಾಗಿ ಬರೀ ಲೆಕ್ಕ. ಇಷ್ಟು ಜನ ಸತ್ರು, ಇಷ್ಟು ಜನಕ್ಕೆ ಗಾಯ, ಇಷ್ಟು ಕುದ್ರೆ ಹೋದ್ವು. ನಿಮ್ ಮುತ್ತಜ್ಜ ಆ ಲೆಕ್ಕದೊಳಗೆ ಒಬ್ರು. ಅದನ್ನ ಹೆಸರಾಗಿ ಮಾಡ್ಬೇಕಂದ್ರೆ ಡೈರಿ, ಪದಕ, ಮನೆ ಮಾತು ಮೂರನ್ನೂ ಜೋಡಿಸ್ಬೇಕು, ಆ ಜೋಡಣೆ ಮಾಡೋಕೆ ಮನೆಯವ್ರಿಗೆ ಮಾತ್ರ ಸಾಧ್ಯ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಎರಡ್ನೇ ಜಾಗ ಬ್ರಿಟಿಷ್ ಲೈಬ್ರರಿ, ಕಿಂಗ್ಸ್ ಕ್ರಾಸ್ ಸ್ಟೇಷನ್ ಪಕ್ಕನೇ. ಇಂಡಿಯಾ ಆಫೀಸ್ ರೆಕಾರ್ಡ್ಸ್, ಅಂದ್ರೆ ಲಂಡನ್ನಿಂದ ಭಾರತದ ಆಡಳಿತ ನೋಡ್ಕೊಳ್ತಿದ್ದ ಇಲಾಖೆಯ ದಾಖಲೆ ಇರೋದು ಇಲ್ಲಿ, ಕ್ಯೂನಲ್ಲಲ್ಲ. ಇಲ್ಲಿನ ರೀಡರ್ ಪಾಸ್ ಬೇರೆ, ಅದೂ ಫ್ರೀ. ಆರ್/2 ಅನ್ನೋ ಸೀರೀಸಲ್ಲಿ ಸಂಸ್ಥಾನಗಳ ರೆಸಿಡೆನ್ಸಿ ಫೈಲ್‌ಗಳಿದಾವೆ, ಮೈಸೂರಿನವೂ ಅದ್ರಲ್ಲಿದಾವೆ. ಎಲ್/ಮಿಲ್ ಅಂತ ಶುರುವಾಗೋವು ಮಿಲಿಟರಿ ಡಿಪಾರ್ಟ್‌ಮೆಂಟಿಂದು. ಅದ್ರಲ್ಲಿ ಎಲ್/ಮಿಲ್/5/825ರಿಂದ 828ರವರೆಗೆ ಭಾರತದ ಸಿಪಾಯಿಗಳು ಬರೆದ ಕಾಗದಗಳನ್ನ ಸೆನ್ಸಾರ್‌ನವ್ರು ಇಂಗ್ಲಿಷಿಗೆ ಇಳಿಸಿಟ್ಟಿರೋದು ಐತೆ, ಓದಿದ್ರೆ ಕಣ್ಣಲ್ಲಿ ನೀರು ಬರ್ತೈತೆ. ಆದ್ರೆ ಅವು ಹೆಚ್ಚಾಗಿ ಫ್ರಾನ್ಸಲ್ಲಿದ್ದೋರ ಕಾಗದ, ಲ್ಯಾನ್ಸರ್ಸ್ ಇದ್ದಿದ್ದು ಈಜಿಪ್ಟ್-ಪ್ಯಾಲೆಸ್ಟೈನಲ್ಲಿ, ಹಂಗಾಗಿ ಅಜ್ಜನ ಕಾಗದ ಸಿಗ್ತೈತೆ ಅಂತ ಆಸೆ ಇಟ್ಕೋಬೇಡ್ರಿ, ಆ ಕಾಲದ ಸಿಪಾಯಿ ಮನಸ್ಸು ತಿಳ್ಕೊಳ್ಳೋಕೆ ಓದ್ರಿ. 2023ರ ಅಕ್ಟೋಬರಲ್ಲಿ ಈ ಲೈಬ್ರರಿ ಮೇಲೆ ದೊಡ್ಡ ಸೈಬರ್ ದಾಳಿ ಆಗಿ ಕ್ಯಾಟಲಾಗೇ ಬಿದ್ದೋಗಿತ್ತು, ಒಂದೊಂದಾಗಿ ವಾಪಸ್ ತಂದ್ರು, ಹೋಗೋಕೆ ಮುಂಚೆ ನಿಮ್ ಫೈಲ್ ಕೊಡ್ತಾರಾ ಅಂತ ಇಮೇಲಲ್ಲಿ ಕೇಳ್ಕೊಂಡು ಹೋಗೋದು ಒಳ್ಳೇದು.

ಲಂಡನ್ನಿಂದ ದೂರ ಇರೋರು, ನಿಮ್ ಕೌನ್ಸಿಲ್ ಲೈಬ್ರರಿ ಕಾರ್ಡ್ ಮಾಡ್ಸಿ, ಎಷ್ಟೋ ಲೈಬ್ರರಿಗಳ ಕಂಪ್ಯೂಟರಲ್ಲಿ ಆನ್ಸೆಸ್ಟ್ರಿ ಫ್ರೀಯಾಗಿ ನೋಡ್ಬಹುದು, ಮನೇಲಿ ದುಡ್ಡು ಕಟ್ಟೋದು ಬೇಡ. ಲೀಡ್ಸ್ ಕಡೆಯವ್ರಿಗೆ ಲೀಡ್ಸ್ ಯೂನಿವರ್ಸಿಟೀಲಿ ಲಿಡಲ್ ಕಲೆಕ್ಷನ್ ಐತೆ, ಯುದ್ಧಕ್ಕೆ ಹೋದೋರ ಸ್ವಂತ ಡೈರಿ, ಪತ್ರ. ಇಂಪೀರಿಯಲ್ ವಾರ್ ಮ್ಯೂಸಿಯಂ ವೆಬ್‌ಸೈಟಲ್ಲಿ ಹೈಫಾ ಬೀದೀಲಿ ಲ್ಯಾನ್ಸರ್ಸ್ ಹೋಗ್ತಿರೋ ಫೋಟೋಗಳು ಸಿಗ್ತಾವೆ. ಶೌರ್ಯ ಪದಕ ಬಂದಿದ್ರೆ ಬ್ರಿಟಿಷ್ ಸರ್ಕಾರದ ರಾಜ್ಯಪತ್ರವಾದ ಲಂಡನ್ ಗೆಜೆಟ್ ವೆಬ್‌ಸೈಟಲ್ಲೂ ಒಂದ್ಸಲ ಹುಡುಕ್ರಿ, ಫ್ರೀ.

ಎಲ್ಲಾದಕ್ಕಿಂತ ಮೊದ್ಲು, ಇವತ್ತು ರಾತ್ರಿನೇ ಮೊಬೈಲಲ್ಲಿ ಮಾಡ್ಬಹುದಾದ ಕೆಲಸ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಹುಡುಕಾಟ. 1917ರಲ್ಲಿ ಶುರುವಾದ ಸಂಸ್ಥೆ, ಎರಡು ಮಹಾಯುದ್ಧದಲ್ಲಿ ಸತ್ತ 17 ಲಕ್ಷ ಜನರ ಹೆಸರು ನೋಡ್ಕೊಳ್ತೈತೆ. ಅಜ್ಜ ಯುದ್ಧದಲ್ಲೇ ತೀರ್ಕೊಂಡಿದ್ರೆ ಇಲ್ಲಿರ್ಬೇಕು. ಹೆಸರಿನ ಕಾಲಂ ಖಾಲಿ ಬಿಟ್ಟು ರೆಜಿಮೆಂಟಲ್ಲಿ ಮೈಸೂರು ಲ್ಯಾನ್ಸರ್ಸ್ ಅಂತ ಹಾಕ್ರಿ. ಅಡಿಷನಲ್ ಇನ್ಫರ್ಮೇಷನ್ ಅನ್ನೋ ಇನ್ನೊಂದು ಕಾಲಂ ಐತೆ, ಭಾರತದ ಸಿಪಾಯಿಗಳಿಗೆ ಎಷ್ಟೋ ಕಡೆ ಅಪ್ಪನ ಹೆಸರು, ಊರು, ಜಿಲ್ಲೆ ಅಲ್ಲಿ ಬರೆದಿರ್ತಾರೆ. ಅಲ್ಲಿ ಈಗಿನ ಸ್ಪೆಲ್ಲಿಂಗ್ ಹಾಕಿದ್ರೆ ಕೆಲಸ ಆಗಲ್ಲ, ಚಿತ್ರದುರ್ಗನ ಸಾಹೇಬ್ರು ಚಿತಲ್‌ಡ್ರೂಗ್ ಅಂತ ಬರೀತಿದ್ರು, ದಾವಣಗೆರೆನ ದಾವಣ್‌ಗೆರೆ ಅಂತ ಮಧ್ಯದ ಎ ಬಿಟ್ಟು, ಹರಿಹರನ ಹರಿಹರ್ ಅಂತ. ಎಲ್ಲ ರೂಪದಲ್ಲೂ ಹುಡುಕ್ರಿ. ಹೆಸರೂ ಹಂಗೇ, ರಾವ್, ಖಾನ್, ಸಿಂಗ್ ಅಂತ ಬರೀ ಕೊನೇ ಪದ ಹಾಕಿ ನೋಡ್ರಿ.

ನಮ್ ದುರ್ಗದ ಸೀಮೆ ತುಂಬ ವೀರಗಲ್ಲು ನಿಂತಿದಾವೆ, ಸತ್ತೋನು ಯಾರು ಯಾಕೆ ಸತ್ತ ಅಂತ ಕಲ್ಲು ಹೇಳ್ತೈತೆ. ಹೊರದೇಶದಲ್ಲಿ ಸತ್ತು ಅಲ್ಲೇ ದಹನ ಆದ ನಮ್ಮವ್ರಿಗೆ ಸಮಾಧಿನೂ ಇಲ್ಲ, ಬರೀ ಸ್ಮಾರಕದ ಮೇಲೆ ಹೆಸರು. ಈಜಿಪ್ಟಲ್ಲಿ ಅಂಥ ಸ್ಮಾರಕ ಮೊದ್ಲು ಸೂಯೆಜ್ ಪಕ್ಕ ಪೋರ್ಟ್ ತೌಫೀಕಲ್ಲಿತ್ತು, ಅರಬ್-ಇಸ್ರೇಲ್ ಯುದ್ಧದಲ್ಲಿ ಹಾಳಾಯ್ತು, 1980ರಲ್ಲಿ ಆ ಹೆಸರುಗಳನ್ನ ಕೈರೋದ ಹೆಲಿಯೊಪೊಲಿಸ್ ಸ್ಮಶಾನದಲ್ಲಿ ಮತ್ತೆ ಕೆತ್ತಿಸಿದ್ರು. ಹೈಫಾದಲ್ಲೂ ಭಾರತದವ್ರ ಸ್ಮಶಾನ ಐತೆ. ಎಲ್ರ ಹೆಸರೂ ಬಂದಿಲ್ಲ ಅಂತ ಕಮಿಷನ್ನೇ 2021ರ ವರದೀಲಿ ಒಪ್ಕೊಂಡೈತೆ, ಮುಖ್ಯವಾಗಿ ಪೂರ್ವ ಆಫ್ರಿಕಾ, ಈಜಿಪ್ಟಿನವ್ರು ಸೇರಿ ಕಡಿಮೆ ಅಂದ್ರೂ 1,16,000 ಜನಕ್ಕೆ ಹೆಸರು ಹಿಡಿದು ಸ್ಮಾರಕ ಮಾಡಿಲ್ಲ ಅಥವಾ ಏನೂ ಮಾಡಿಲ್ಲ. ಪಂಜಾಬಿಗಳು ಇದಕ್ಕೆ ಸುಮ್ನೆ ಕೂರ್ಲಿಲ್ಲ, ಲಾಹೋರ್ ಮ್ಯೂಸಿಯಂನಲ್ಲಿದ್ದ 3,20,000 ಪಂಜಾಬಿ ಸಿಪಾಯಿಗಳ ರಿಜಿಸ್ಟರ್ ಇಲ್ಲಿನ ಪಂಜಾಬಿ ಸಂಘಟನೆ ಮತ್ತು ಗ್ರೀನಿಚ್ ಯೂನಿವರ್ಸಿಟಿ ಸೇರಿ ಆನ್‌ಲೈನಿಗೆ ಹಾಕೋಕೆ ಶುರು ಮಾಡಿದ್ರು. ಯುಕೆಲಿ ಕನ್ನಡದವ್ರೂ ಕಮ್ಮಿ ಇಲ್ಲ, ಮೈಸೂರಿಗೂ ಇಂಥದ್ದೊಂದು ಆಗ್ಲೇಬೇಕು.

ಉಳಿದಿದ್ದು ಊರ ಕಡೆಯ ಕೆಲಸ. ಸಂಸ್ಥಾನದ ಫೈಲು, ಮೈಸೂರು ಗೆಜೆಟ್ಟಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗ್ಬೇಕು, ರಜೆಗೆ ಊರಿಗೆ ಹೋದಾಗ ಒಂದು ದಿನ ಅದಕ್ಕೆ ಇಟ್ಕೊಳ್ರಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ವೆಬ್‌ಸೈಟನ್ನ ಇಲ್ಲಿಂದಲೇ ನೋಡ್ಬಹುದು, ಅಕೌಂಟ್ ಮಾಡ್ಕೊಂಡ್ರೆ ಸಾಕು.

ಅಜ್ಜ ಯುದ್ಧದಲ್ಲೇ ಸತ್ತಿದ್ದು ಖಾತ್ರಿ, ಆದ್ರೆ ಕಮಿಷನ್ನಿನ ಪಟ್ಟೀಲಿ ಹೆಸರಿಲ್ಲ ಅಂದ್ರೆ ಅವ್ರಿಗೆ ಬರೀರಿ. ಬರೀ ಮನೆ ಮಾತು ಸಾಲಲ್ಲ, ಆ ಕಾಲದ ಕಾಗದ ಕೇಳ್ತಾರೆ. ಪದಕದ ಅಂಚಿನ ಫೋಟೋ, ಡೈರೀಲಿ ಆ ತಾರೀಖಿನ ಪುಟ ಫೈಲ್ ನಂಬರ್ ಸಮೇತ, ಪತ್ರಾಗಾರದಲ್ಲಿ ಸಿಕ್ಕ ಪಿಂಚಣಿ ಆದೇಶ ಇದ್ರೆ ಅದರ ಕಾಪಿ, ಕನ್ನಡದ್ದಾದ್ರೆ ಜೊತೆಗೊಂದು ಇಂಗ್ಲಿಷ್ ಅನುವಾದ, ಹೆಸರಿನ ಎಲ್ಲ ಸ್ಪೆಲ್ಲಿಂಗು, ಅಪ್ಪನ ಹೆಸರು, ಊರು ತಾಲೂಕು ಆಗಿನ ಜಿಲ್ಲೆ ಈಗಿನ ಜಿಲ್ಲೆ ಎರಡೂ. ಉತ್ತರ ಬರೋಕೆ ತಿಂಗಳುಗಟ್ಟಲೆ ಆಗ್ಬಹುದು, ಅವ್ರು ಕೊಡೋ ರೆಫರೆನ್ಸ್ ನಂಬರ್ ಊರಲ್ಲಿರೋ ಅಣ್ಣ ತಮ್ಮಂದ್ರಿಗೂ ಕಳ್ಸಿಡ್ರಿ.