ಅರ್ತ್ ಪಿನ್ ಕೀಳದೆ ಎಸ್‌ಎಂಪಿಎಸ್ ಅಳೆಯುವುದು ಹೇಗೆ?

ರಿಪೇರಿ ಮಾಡುವವರ ಮೇಜಿನ ಮೇಲೆ ಪ್ಲಗ್‌ನ ಅರ್ತ್ ಪಿನ್ ಕಿತ್ತ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಸಾಧನ) ಕಾಣಸಿಗುವುದುಂಟು. ಅದರ ಅಳೆಯುವ ಕಡ್ಡಿಯಾದ ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನು ಎಸ್‌ಎಂಪಿಎಸ್‌ನ (ಟಿವಿ, ಕಂಪ್ಯೂಟರ್‌ಗಳೊಳಗಿನ ಸ್ವಿಚಿಂಗ್ ಪವರ್ ಸಪ್ಲೈ) ಪ್ರೈಮರಿ ಬದಿಗೆ, ಅಂದರೆ ಮೇನ್ಸ್ ವಿದ್ಯುತ್ತಿಗೆ ಸೇರಿದ ಭಾಗಕ್ಕೆ, ಕಚ್ಚಿಸಿದೊಡನೆ ಕಿಡಿ ಹಾರಿ, ಕ್ಲಿಪ್ಪಿನ ಹಲ್ಲು ಕಪ್ಪಗೆ ಸುಟ್ಟು, ಫ್ಯೂಸ್ ಹೋಗುತ್ತದೆಂದು ಕಂಡುಕೊಂಡ ಉಪಾಯವದು. ಅದರಿಂದ ಫ್ಯೂಸ್ ಉಳಿಯುತ್ತದೆ, ಅಪಾಯಕ್ಕೆ ಸಿಲುಕುವುದು ಅಳೆಯುವವರ ಜೀವ.

ಸ್ಕೋಪ್‌ಗೆ ಪ್ರೋಬ್ ಸಿಕ್ಕಿಸುವ ಬಿಎನ್‌ಸಿ ಸಾಕೆಟ್ಟಿನ ಹೊರಬಳೆ, ಗ್ರೌಂಡ್ ಕ್ಲಿಪ್, ಲೋಹದ ಚಾಸಿ, ಅರ್ತ್ ಪಿನ್ ಎಲ್ಲವೂ ಒಳಗೆ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಆದರೆ ಪ್ರೈಮರಿಯ ಮೈನಸ್ ಎಂದರೆ ಅರ್ತ್ ಅಲ್ಲ. ನಮ್ಮ 230 ವೋಲ್ಟ್ ಸರಬರಾಜಿನ ಶೃಂಗ ಸುಮಾರು 325 ವೋಲ್ಟ್. ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್‌ನಿಂದಾಗಿ ಆ ಮೈನಸ್ ಗೆರೆ ಒಮ್ಮೆ ನ್ಯೂಟ್ರಲ್‌ನ ಮಟ್ಟದಲ್ಲಿದ್ದು, ಮರುಕ್ಷಣ ಫೇಸ್‌ನೊಡನೆ ಅರ್ತ್‌ಗಿಂತ 325 ವೋಲ್ಟಿನಷ್ಟು ಕೆಳಗಿಳಿಯುತ್ತದೆ, ಅದೂ ಸೆಕೆಂಡಿಗೆ 50 ಬಾರಿ. ಅರ್ತ್ ಇದ್ದರೆ ಅಲ್ಲಿ ಕ್ಲಿಪ್ ಹಾಕಿದಾಗ ಶಾರ್ಟ್ ಆಗುತ್ತದೆ. ಅರ್ತ್ ಕಿತ್ತಿದ್ದರೆ ಸ್ಕೋಪ್‌ನ ಸಾಕೆಟ್ಟು, ಸ್ಕ್ರೂ, ಇನ್ನೊಂದು ಪ್ರೋಬ್‌ನ ಕ್ಲಿಪ್ ಎಲ್ಲಕ್ಕೂ ಅದೇ ವೋಲ್ಟೇಜ್ ಏರುತ್ತದೆ.

ಆದ್ದರಿಂದ ಮೊದಲು ಮೇಜಿನ ಸಾಕೆಟ್ಟಿನ ಅರ್ತಿಂಗ್ ನೋಡಿ. ಫೇಸ್ ಮತ್ತು ಅರ್ತ್ ನಡುವೆ ಮಲ್ಟಿಮೀಟರ್ 230ರ ಆಸುಪಾಸು ತೋರಿಸದಿದ್ದರೆ ಕೆಲಸ ನಿಲ್ಲಿಸಿ, ಎಲೆಕ್ಟ್ರೀಷಿಯನ್ ಕರೆಸಿ.

ಅಳೆಯಲು ಸರಿಯಾದ ಸಾಧನ ಡಿಫರೆನ್ಶಿಯಲ್ ಪ್ರೋಬ್. ಅದು ಎರಡು ಬಿಂದುಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಸ್ಕೋಪ್ ಅರ್ತ್‌ನಲ್ಲೇ ಇರುತ್ತದೆ. ಅದು ಇಲ್ಲದಿದ್ದರೆ ವೋಲ್ಟೇಜನ್ನು ಹತ್ತರಲ್ಲೊಂದಕ್ಕೆ ಇಳಿಸುವ ಎರಡು 10ಎಕ್ಸ್ ಪ್ರೋಬ್‌ಗಳ ತುದಿಯನ್ನು ಎರಡು ಬಿಂದುಗಳಿಗಿಟ್ಟು, ಗ್ರೌಂಡ್ ಕ್ಲಿಪ್‌ಗಳನ್ನು ಸರ್ಕ್ಯೂಟಿಗೆ ತಾಗಿಸದೆ ಪರಸ್ಪರ ಸೇರಿಸಿ, ಎರಡೂ ಚಾನೆಲ್ಲಿನ ವೋಲ್ಟ್ಸ್ ಪರ್ ಡಿವಿಷನ್ ಒಂದೇ ಇಟ್ಟು, ಮ್ಯಾತ್ ಮೆನುವಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಇಲ್ಲಿ ಪ್ರೋಬ್ ಮೇಲೆ ಬರೆದಿರುವ ಗರಿಷ್ಠ ವೋಲ್ಟೇಜನ್ನು ಓದುವುದು ಕಡ್ಡಾಯ. ಸ್ವಿಚ್ಚಿನ ಕೆಲಸ ಮಾಡುವ ಮಾಸ್ಫೆಟ್ ಟ್ರಾನ್ಸಿಸ್ಟರಿನ ಡ್ರೇನ್ ಕಾಲಿನಲ್ಲಿ ಟ್ರಾನ್ಸ್‌ಫಾರ್ಮರಿನ ಮರುಹೊಡೆತವೂ ಸೇರಿ 500 ವೋಲ್ಟ್ ದಾಟಬಹುದಾದ್ದರಿಂದ, 300 ವೋಲ್ಟಿನ ಪ್ರೋಬ್ ಅಲ್ಲಿಗೆ ಸಲ್ಲದು.

ಮೇನ್ಸ್‌ನ ನೇರ ಸಂಪರ್ಕವನ್ನು ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬಳಸುವುದಾದರೆ ಅದನ್ನು ಹಾಕಬೇಕಾದದ್ದು ರಿಪೇರಿಯ ಯಂತ್ರಕ್ಕೆ, ಸ್ಕೋಪ್‌ಗಲ್ಲ. ಆಗ ಪ್ರೈಮರಿಯ ಮೈನಸ್‌ಗೆ ಕ್ಲಿಪ್ ಹಾಕಬಹುದು. ಆದರೆ ಹಾಕಿದ ಕ್ಷಣದಿಂದ ಸರ್ಕ್ಯೂಟ್ ಮತ್ತೆ ಅರ್ತ್‌ಗೆ ಸೇರಿಕೊಳ್ಳುತ್ತದೆ, ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಗೋಡೆಯ ಆರ್‌ಸಿಸಿಬಿ (ಅರ್ತ್‌ಗೆ ವಿದ್ಯುತ್ ಸೋರಿದಾಗ ಸರಬರಾಜು ಕಡಿಯುವ ಸ್ವಿಚ್) ಅದನ್ನು ಗುರುತಿಸಿ ಟ್ರಿಪ್ ಆಗುವುದೂ ಇಲ್ಲ. ಐಸೊಲೇಶನ್ ಇದೆಯೆಂಬ ಧೈರ್ಯದಲ್ಲಿ ಕೈಯಿಡುವವರು ಮರೆಯುವುದು ಇದನ್ನೇ.

ಪ್ರೋಬ್ ಹಚ್ಚುವುದೂ ತೆಗೆಯುವುದೂ ರಿಪೇರಿಯ ಯಂತ್ರದ ಪ್ಲಗ್ ಕಿತ್ತ ಮೇಲೆಯೇ ಆಗಬೇಕು. ಪ್ಲಗ್ ಕಿತ್ತರೂ ದೊಡ್ಡ ಕೆಪಾಸಿಟರ್ 325 ವೋಲ್ಟನ್ನು ಹಿಡಿದಿಟ್ಟುಕೊಂಡಿರಬಹುದು. ಸ್ಕ್ರೂಡ್ರೈವರ್ ಅಡ್ಡವಿಡದೆ, ಇನ್ಸುಲೇಶನ್ ಇರುವ ತಂತಿಗಳಿಗೆ ಬೆಸೆದ ಎರಡು ಕಿಲೋಓಮ್, ಹತ್ತು ವ್ಯಾಟಿನ ರೆಸಿಸ್ಟರನ್ನು ಕೆಲವು ಸೆಕೆಂಡು ಹಿಡಿದು, ಮಲ್ಟಿಮೀಟರ್ ಸೊನ್ನೆಗೆ ಇಳಿಯುವುದನ್ನು ನೋಡಿದ ಮೇಲಷ್ಟೇ ಪ್ರೋಬ್‌ಗೆ ಕೈ ಹಾಕಿ.